ವಯಸ್ಸಿನ ಜಗಳ ಸಾಕು, ಆ ಮಗು ಹೇಗಿದೆ ಅಂತ ಬರೀರಿ

ಸಂಪಾದಕರೇ, ನಮಸ್ಕಾರ.

ಹದಿನೈದು ಹದಿನಾರರ ಹುಡುಗನೊಬ್ಬ ಪುಟ್ಟ ಮಗುವಿಗೆ ಏನೋ ಮಾಡಿಬಿಟ್ಟ ಅಂತ ಸುದ್ದಿ ಬಂದ್ರೆ ಸಾಕು, ಮೊದಲನೇ ದಿನಾನೇ ಜನ ಎರಡು ಪಾರ್ಟಿ ಆಗಿಬಿಡ್ತಾರೆ. ಒಂದು ಕಡೆಯವರು ಗಲ್ಲಿಗೆ ಹಾಕಿ, ನಡುರಸ್ತೇಲಿ ನಿಲ್ಸಿ ಹೊಡೀರಿ ಅಂತಾರೆ, ಇನ್ನೊಂದು ಕಡೆಯವರು ಅವನೂ ಚಿಕ್ಕವನಲ್ವಾ, ಮೊಬೈಲ್ ಕೆಡಿಸ್ತು, ಅಪ್ಪ ಅಮ್ಮ ಸರಿಯಾಗಿ ನೋಡ್ಕೊಳ್ಲಿಲ್ಲ ಅಂತಾರೆ. ನಾಲ್ಕನೇ ದಿನಕ್ಕೆ ಬೇರೆ ಸುದ್ದಿ. ಪೆಟ್ಟು ತಿಂದ ಮಗು ಆಸ್ಪತ್ರೆಯಿಂದ ಮನೆಗೆ ಬಂತಾ, ಮತ್ತೆ ಸ್ಕೂಲಿಗೆ ಹೋಗ್ತಾ ಇದೆಯಾ, ಆ ಹುಡುಗನ ಕೇಸು ಎಲ್ಲಿಗೆ ಬಂತು, ಇದ್ಯಾವುದೂ ಆಮೇಲೆ ಯಾರಿಗೂ ಗೊತ್ತಾಗಲ್ಲ, ನಿಮ್ಮ ಪತ್ರಿಕೇಲೂ ಬರಲ್ಲ. ನನ್ನ ತಕರಾರು ಇದೇನೇ, ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಕಾನೂನಿನ ವಿಷಯ, ಯಾಕಂದ್ರೆ ಜನ ಜಗಳ ಆಡೋದೇ ಹಳೇ ಕಾನೂನು ಇಟ್ಕೊಂಡು. "ಹದಿನೆಂಟು ತುಂಬಿಲ್ಲ ಅಂದ್ರೆ ಮೂರು ವರ್ಷಕ್ಕೆ ಹೊರಗೆ ಬರ್ತಾನೆ" ಅನ್ನೋ ಮಾತು 2012ರ ದೆಹಲಿ ಬಸ್ ಅತ್ಯಾಚಾರ ಪ್ರಕರಣದಿಂದ ಎಲ್ಲರ ತಲೇಲಿ ಕೂತುಬಿಟ್ಟಿದೆ. ಅದರ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟಕ್ಕೆ ಕೆಲವೇ ತಿಂಗಳು ಕಡಿಮೆ ಇತ್ತು, ಮೂರು ವರ್ಷ ಆದ್ಮೇಲೆ 2015ರ ಡಿಸೆಂಬರ್‌ನಲ್ಲಿ ಬಿಡುಗಡೆ ಆದ. ಅದೇ ತಿಂಗಳು ರಾಜ್ಯಸಭೆ ಹೊಸ ಬಾಲನ್ಯಾಯ ಕಾಯ್ದೆ ಪಾಸ್ ಮಾಡ್ತು, 2016ರ ಜನವರಿಯಿಂದ ಜಾರಿಗೂ ಬಂತು. ಈಗ ಹದಿನಾರರಿಂದ ಹದಿನೆಂಟರೊಳಗಿನವನು ಕೊಲೆ, ಅತ್ಯಾಚಾರದಂಥ ಘೋರ ಅಪರಾಧ ಮಾಡಿದ್ರೆ, ಅಂದ್ರೆ ಕನಿಷ್ಠ ಏಳು ವರ್ಷ ಶಿಕ್ಷೆ ಇರೋ ಅಪರಾಧ ಮಾಡಿದ್ರೆ, ಅವನನ್ನ ದೊಡ್ಡವರ ಹಾಗೆ ವಿಚಾರಣೆ ಮಾಡಬೇಕಾ ಬೇಡ್ವಾ ಅಂತ ಬಾಲನ್ಯಾಯ ಮಂಡಳಿ, ಅಂದ್ರೆ ಹದಿನೆಂಟು ತುಂಬದವರ ಕೇಸು ನೋಡೋ ಮಂಡಳಿ, ಪ್ರಾಥಮಿಕ ಪರಿಶೀಲನೆ ಮಾಡ್ಬೇಕು. ಮಾಡಿದ್ದರ ಪರಿಣಾಮ ಅವನಿಗೆ ಅರ್ಥ ಆಗ್ತಿತ್ತಾ, ಯಾವ ಪರಿಸ್ಥಿತೀಲಿ ಮಾಡಿದ, ಮನಸ್ಸಿನ ಶಕ್ತಿ ಎಷ್ಟಿತ್ತು, ಇದನ್ನೆಲ್ಲ ನೋಡಬೇಕು. ಆದ್ರೆ ಗಲ್ಲು ಇಲ್ಲ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ. ಹದಿನಾರರ ಕೆಳಗಿನವನಿಗೆ ಮಾತ್ರ ಇವತ್ತಿಗೂ ಹೆಚ್ಚೆಂದ್ರೆ ಮೂರು ವರ್ಷ, ಅಪರಾಧ ಏನೇ ಇರಲಿ. ಹದಿನೈದೂಮುಕ್ಕಾಲರವನಿಗೂ ಹದಿನಾರು ತುಂಬಿದವನಿಗೂ ಅಷ್ಟು ವ್ಯತ್ಯಾಸ ಯಾಕೆ ಅಂತ ಕೇಳಿದ್ರೆ ಕೇಳೋದ್ರಲ್ಲಿ ನ್ಯಾಯ ಇದೆ, ಆದ್ರೆ ಗೆರೆ ಎಲ್ಲಿ ಎಳೆದ್ರೂ ಅದರ ಈ ಕಡೆ ಒಬ್ಬ ಆ ಕಡೆ ಒಬ್ಬ ಇದ್ದೇ ಇರ್ತಾನೆ. ಇಂಗ್ಲೆಂಡ್‌ನಲ್ಲಿ ಹತ್ತು ವರ್ಷಕ್ಕೇ ಕ್ರಿಮಿನಲ್ ಹೊಣೆ ಬರುತ್ತೆ, ನಾರ್ವೇಲಿ ಹದಿನೈದು, ಜಪಾನ್‌ನವರು 1997ರಲ್ಲಿ ಕೋಬೆಯಲ್ಲಿ ಹದಿನಾಲ್ಕರ ಹುಡುಗ ಮಕ್ಕಳನ್ನ ಕೊಂದ ಮೇಲೆ 2000ದಲ್ಲಿ ಕಾನೂನು ತಿದ್ದಿ ಕ್ರಿಮಿನಲ್ ಶಿಕ್ಷೆ ಕೊಡಬಹುದಾದ ವಯಸ್ಸನ್ನ ಹದಿನಾರರಿಂದ ಹದಿನಾಲ್ಕಕ್ಕೆ ಇಳಿಸಿದ್ರು. ಯಾವ ದೇಶದಲ್ಲೂ ಜಗಳ ಮುಗಿದಿಲ್ಲ.

ಈ ವಯಸ್ಸಿನ ಪ್ರಶ್ನೆ ಒಂದೇ ಹಿಡ್ಕೊಂಡ್ರೆ ಏನಾಗುತ್ತೆ ಅನ್ನೋದಕ್ಕೆ ಗುರುಗ್ರಾಮದ ಕೇಸು ನೋಡಿ. 2017ರ ಸೆಪ್ಟೆಂಬರ್, ಬೆಳಿಗ್ಗೆ ಸ್ಕೂಲ್ ಶುರುವಾಗೋ ಹೊತ್ತು, ಎರಡನೇ ಕ್ಲಾಸಿನ ಏಳು ವರ್ಷದ ಹುಡುಗನ ಕತ್ತು ಕೊಯ್ದು ಬಾತ್‌ರೂಮಿನ ಹತ್ರ ಬಿಟ್ಟಿದ್ರು. ಅವತ್ತೇ ಪೊಲೀಸರು ಸ್ಕೂಲ್ ಬಸ್ಸಿನ ಕಂಡಕ್ಟರ್‌ನ ಹಿಡಿದ್ರು, ಒಪ್ಕೊಂಡಿದ್ದಾನೆ ಅಂದ್ರು, ಟಿವಿಯವರು ಅವನ ಮುಖ ದೇಶಕ್ಕೆಲ್ಲ ತೋರಿಸಿದ್ರು, ಆವತ್ತು ಅವನಿಗೆ ಗಲ್ಲು ಬೇಡ ಅಂತ ಹೇಳೋ ಧೈರ್ಯ ಯಾರಿಗಿತ್ತು ಹೇಳಿ. ನವೆಂಬರ್‌ನಲ್ಲಿ ಸಿಬಿಐ ಬಂದು, ಕಂಡಕ್ಟರ್ ಅಲ್ಲ, ಅದೇ ಸ್ಕೂಲಿನ ಹನ್ನೊಂದನೇ ಕ್ಲಾಸಿನ ಹುಡುಗ ಅಂತು, ಪರೀಕ್ಷೆ ಮತ್ತು ಪೇರೆಂಟ್ಸ್ ಮೀಟಿಂಗ್ ಮುಂದಕ್ಕೆ ಹೋಗಲಿ ಅಂತ ಮಾಡಿದ ಅಂತ ಹೇಳ್ತು. 2018ರ ಫೆಬ್ರವರಿಯಲ್ಲಿ ಕೋರ್ಟು ಕಂಡಕ್ಟರ್‌ನ ಕೇಸಿನಿಂದ ಬಿಟ್ಟುಬಿಡ್ತು. ಅವನ ಫೋಟೋ ಹಂಚಿದವರು ಒಬ್ಬರಾದ್ರೂ ಅದನ್ನ ಅಳಿಸಿದ್ರಾ? ಆ ಹುಡುಗನ ಮೇಲಿನ ಆರೋಪ ಸಾಬೀತಾಗಿದೆ ಅಂತ ನಾನೂ ಹೇಳ್ತಿಲ್ಲ, ಅದು ಕೋರ್ಟಿನ ಕೆಲಸ. ನಾನು ಹೇಳೋದು ಇದು: 2022ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಈ ಕೇಸಿನ ಆದೇಶ ಕೊಟ್ಟಾಗ ಅದು ಕೊಲೆ ಮಾಡಿದ್ದು ಯಾರು ಅನ್ನೋದರ ಮೇಲೆ ಅಲ್ಲ, ಹುಡುಗನನ್ನ ದೊಡ್ಡವನ ಹಾಗೆ ನೋಡಬೇಕಾ ಅನ್ನೋ ಆ ಪ್ರಾಥಮಿಕ ಪರಿಶೀಲನೆ ಸರಿಯಾಗಿ ಆಗಿಲ್ಲ, ಮತ್ತೆ ಮಾಡಿ ಅನ್ನೋದರ ಮೇಲೆ. ಮಂಡಳಿಯಲ್ಲಿ ಮಕ್ಕಳ ಮನಸ್ಸಿನ ತಜ್ಞರು ಇಲ್ಲ ಅಂದ್ರೆ ಹೊರಗಿನವರ ಸಹಾಯ ತಗೊಳ್ಳಲೇಬೇಕು ಅಂತ ಕೋರ್ಟ್ ಹೇಳ್ತು. ಮೂರು ತಿಂಗಳಲ್ಲಿ ಮುಗೀಬೇಕು ಅಂತ ಕಾಯ್ದೇಲಿ ಬರೆದಿರೋ ಕೆಲಸಕ್ಕೆ ಐದು ವರ್ಷ ಹತ್ತಿರ ಆಯ್ತು. ಅಷ್ಟು ವರ್ಷ ಸತ್ತ ಹುಡುಗನ ಅಪ್ಪ ಅಮ್ಮ ಕೋರ್ಟಿಂದ ಕೋರ್ಟಿಗೆ ಅಲೀತಾ ಇದ್ರು. ಸಿಟ್ಟು ಮಾಡ್ಕೊಳ್ಳೋದಾದ್ರೆ ಇದರ ಮೇಲೆ ಮಾಡ್ಕೋಬೇಕಿತ್ತು ನಾವು, ನಮ್ಮ ಮಂಡಳಿಗಳಲ್ಲಿ ತಜ್ಞರು ಎಷ್ಟು ಜನ ಇದ್ದಾರೆ, ಕೇಸುಗಳು ಎಷ್ಟು ಬಾಕಿ ಇವೆ ಅಂತ ಕೇಳಬೇಕಿತ್ತು. ಯಾರು ಕೇಳಿದ್ವಿ?

ಪತ್ರಿಕೆಯವರ ಪಾತ್ರದ ಬಗ್ಗೆಯೂ ಒಂದು ಮಾತು ಹೇಳ್ಬೇಕು, ಬೇಜಾರ್ ಮಾಡ್ಕೋಬೇಡಿ. 1993ರಲ್ಲಿ ಲಿವರ್‌ಪೂಲ್ ಪಕ್ಕದ ಬೂಟಲ್‌ನಲ್ಲಿ ಎರಡು ವರ್ಷದ ಜೇಮ್ಸ್ ಬಲ್ಗರ್‌ನ ಶಾಪಿಂಗ್ ಸೆಂಟರ್‌ನಿಂದ ಕೈ ಹಿಡಿದು ಕರ್ಕೊಂಡು ಹೋಗಿ ಕೊಂದವರು ಹತ್ತು ವರ್ಷದ ಇಬ್ಬರು ಹುಡುಗರು. ಇವರು ಟೀನೇಜ್ ಕೂಡ ಅಲ್ಲ. ಜಡ್ಜ್ ಕನಿಷ್ಠ ಎಂಟು ವರ್ಷ ಅಂದ್ರು, ಅವರ ಮೇಲಿನ ಜಡ್ಜ್ ಹತ್ತು ಅಂದ್ರು, ಅಲ್ಲಿನ ಒಂದು ಪತ್ರಿಕೆ ಕೂಪನ್ ಛಾಪಿಸಿ, ಕತ್ತರಿಸಿ ಗೃಹ ಸಚಿವರಿಗೆ ಕಳಿಸಿ, ಸಾಯೋವರೆಗೂ ಒಳಗಿರಲಿ ಅಂತ ಕೇಳಿ ಅಂದ್ಬಿಡ್ತು. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಕೂಪನ್ ಹೋಯ್ತು. ಸಚಿವರು ಹದಿನೈದು ವರ್ಷ ಮಾಡಿದ್ರು. 1997ರಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟು, ಇಂಥ ಕೂಗಾಟಕ್ಕೆಲ್ಲ ಬೆಲೆ ಕೊಟ್ಟು ಶಿಕ್ಷೆ ನಿಗದಿ ಮಾಡಿದ್ದು ಕಾನೂನುಬಾಹಿರ ಅಂತ ಆ ಹದಿನೈದನ್ನ ರದ್ದು ಮಾಡ್ತು. ಅಂದ್ರೆ ಕೂಪನ್ ಕಳಿಸಿದವರಿಗೆ ಸಿಕ್ಕಿದ್ದೇನು? ಮಗು ಕಳ್ಕೊಂಡ ತಾಯಿಗೆ ಇನ್ನೊಂದು ಸುತ್ತು ಕೋರ್ಟು, ಅಷ್ಟೇ. 2001ರಲ್ಲಿ ಇಬ್ಬರೂ ಬೇರೆ ಹೆಸರಲ್ಲಿ ಹೊರಗೆ ಬಂದ್ರು. ಆಮೇಲೆ ಒಬ್ಬ ಮಕ್ಕಳ ಅಶ್ಲೀಲ ಚಿತ್ರ ಇಟ್ಕೊಂಡಿದ್ದಕ್ಕೆ 2010ರಲ್ಲಿ ಒಂದ್ಸಲ, 2018ರಲ್ಲಿ ಇನ್ನೊಂದ್ಸಲ ಜೈಲಿಗೆ ಹೋದ, ಇನ್ನೊಬ್ಬನ ಮೇಲೆ ಹೊಸ ಕೇಸು ಬಂದ ಸುದ್ದಿ ಇಲ್ಲ. ಒಂದೇ ಅಪರಾಧ, ಒಂದೇ ವಯಸ್ಸು, ಎರಡು ದಾರಿ. ಅದಕ್ಕೇ ಇಂಥವರು ಬದಲಾಗೋದೇ ಇಲ್ಲ ಅನ್ನೋರನ್ನೂ ನಾನು ನಂಬಲ್ಲ, ಎಲ್ಲರೂ ಸರಿಹೋಗ್ತಾರೆ ಅನ್ನೋರನ್ನೂ ನಂಬಲ್ಲ.

ಇನ್ನೊಂದು ವಿಷಯ, ಇದು ಕೇಳೋಕೆ ಕಷ್ಟ. ಮಕ್ಕಳಿಗೆ ಅಪಾಯ ಅಂದ್ರೆ ನಮ್ಮ ಕಣ್ಣಿಗೆ ಬರೋದು ಗುರುತಿಲ್ಲದ ದೊಡ್ಡ ಗಂಡಸು. ಅಮೆರಿಕದಲ್ಲಿ 2004ರ ಪೊಲೀಸ್ ದಾಖಲೆ ನೋಡಿ ಮಾಡಿದ ಲೆಕ್ಕದಲ್ಲಿ, ಮಕ್ಕಳ ಮೇಲಿನ ಲೈಂಗಿಕ ಅಪರಾಧದಲ್ಲಿ ಪೊಲೀಸರ ಗಮನಕ್ಕೆ ಬಂದ ಆರೋಪಿಗಳ ಪೈಕಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹದಿನೆಂಟು ತುಂಬದವರೇ. ಸಂಬಂಧಿಕರ ಹುಡುಗ, ಪಕ್ಕದ ಮನೆಯವನು, ಆಟ ಆಡಿಸ್ತೀನಿ ಅಂತ ಕರ್ಕೊಂಡು ಹೋಗೋನು, ಮಗು ಯಾರನ್ನ ಅಣ್ಣ ಅಂತ ಕರೆಯುತ್ತೋ ಅವನು. ಮನೆಯೊಳಗಿನ ವಿಷಯ ಅಂತ ದೊಡ್ಡವರು ಕೂತು ಬಾಯಿ ಮುಚ್ಚಿಸಿಬಿಡ್ತಾರೆ, ಹುಡುಗನ ಭವಿಷ್ಯ ಹಾಳಾಗುತ್ತೆ ಅಂತಾರೆ, ಆ ಮಗುವಿಗೆ ಭವಿಷ್ಯ ಇಲ್ವೇನೋ ಅನ್ನೋ ಥರ. ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಪಾಡೋಕೆ ಇರೋ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದೇ ಇದ್ರೆ ಅದೇ ಒಂದು ಅಪರಾಧ. ಜನ ಹೆದರೋದು ಸ್ಟೇಷನ್ನಿಗೆ. ಆದ್ರೆ ಅದೇ ಕಾಯ್ದೇಲಿ ಹೇಳಿಕೆ ತಗೊಳ್ಳೋ ಪೊಲೀಸ್ ಯೂನಿಫಾರ್ಮ್ ಹಾಕ್ಕೊಂಡಿರಬಾರದು, ಮಗು ಇರೋ ಮನೇಲೋ ಅದು ಹೇಳಿದ ಜಾಗದಲ್ಲೋ ತಗೋಬೇಕು, ರಾತ್ರಿ ಹೊತ್ತು ಯಾವ ಕಾರಣಕ್ಕೂ ಮಗುವನ್ನ ಸ್ಟೇಷನ್‌ನಲ್ಲಿ ಇಟ್ಕೋಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ಇದನ್ನ ಪತ್ರಿಕೇಲಿ ದಪ್ಪ ಅಕ್ಷರದಲ್ಲಿ ಹಾಕಿದ್ದನ್ನ ನಾನಂತೂ ನೋಡಿಲ್ಲ. ಮಕ್ಕಳ ಸಹಾಯವಾಣಿ 1098 ನಂಬರ್ ಕೂಡ ಸುದ್ದಿ ಕೊನೇಲಿ ಒಂದು ಸಾಲು ಹಾಕಬಹುದು, ಜಾಗ ಎಷ್ಟು ಹೋಗುತ್ತೆ?

ಫೋಟೋ ವಿಷಯ ಬೇಗ ಮುಗಿಸ್ತೀನಿ. ಆರೋಪಿ ಹುಡುಗ ಇರಲಿ, ಪೆಟ್ಟು ತಿಂದ ಮಗು ಇರಲಿ, ಹೆಸರು, ಮುಖ, ಸ್ಕೂಲು, ಅಡ್ರೆಸ್ಸು ಯಾವುದೂ ಹಾಕೋ ಹಾಗಿಲ್ಲ, ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಇದೆ. ಅದು ಪತ್ರಿಕೆಗಷ್ಟೇ ಅಲ್ಲ, ಫೋನಲ್ಲಿ ಫಾರ್ವರ್ಡ್ ಮಾಡೋ ನಮಗೂ ಸೇರಿ. ಹೆಸರು ಬಿಟ್ಟು "ಇಂಥ ಬೀದಿಯ ಇಂಥ ಅಂಗಡಿಯವರ ಮಗಳು" ಅಂತ ಬರೆದ್ರೆ ಊರಿಗೆಲ್ಲ ಗೊತ್ತಾಗಲ್ವಾ ಸ್ವಾಮಿ, ಇದನ್ನ ನಿಮ್ಮ ವರದಿಗಾರರಿಗೆ ಸ್ವಲ್ಪ ಹೇಳಿ.

ಇಷ್ಟೆಲ್ಲ ಬರೆದು ಕೇಳ್ತಿರೋದು ಒಂದೇ. ಇನ್ಮುಂದೆ ಇಂಥ ಸುದ್ದಿ ಹಾಕಿದ ದಿನವೇ ಆರು ತಿಂಗಳ ನಂತರದ ಒಂದು ತಾರೀಖು ಡೈರೀಲಿ ಬರೆದಿಟ್ಕೊಳ್ಳಿ, ಅವತ್ತು ಯಾರ ಗುರುತೂ ಹೇಳದೆ ಇಷ್ಟು ಬರೀರಿ: ಮಂಡಳಿ ಪ್ರಾಥಮಿಕ ಪರಿಶೀಲನೆ ಮುಗಿಸ್ತಾ, ತಜ್ಞರು ಬಂದ್ರಾ, ಮಗುವಿಗೆ ಮಧ್ಯಂತರ ಪರಿಹಾರ ಕೈಗೆ ಬಂತಾ, ಕೌನ್ಸೆಲಿಂಗ್ ಸಿಗ್ತಾ ಇದೆಯಾ, ಕೇಸಿನ ಉದ್ದಕ್ಕೂ ಜೊತೆಗಿರೋಕೆ ಒಬ್ಬರನ್ನ ನೇಮಿಸಬೇಕು ಅಂತ ಪೋಕ್ಸೊ ನಿಯಮದಲ್ಲಿದೆಯಲ್ಲ, ಅವರನ್ನ ನೇಮಿಸಿದ್ರಾ. ಇಲ್ಲ ಅಂದ್ರೆ ಯಾವ ಆಫೀಸಿನಲ್ಲಿ ನಿಂತಿದೆ ಅಂತ ಹಾಕಿ. ಮುಖಪುಟ ಬೇಡ, ಒಳಪುಟದ ಮೂಲೆಯಾದ್ರೂ ಸಾಕು.

ಇತಿ,
ನಿಮ್ಮ ಒಬ್ಬ ಓದುಗ