ಫಿಟ್ಸ್ ಜೊತೆಗೆ ಮನಸ್ಸಿನ ಬಗ್ಗೆಯೂ ಕೇಳಿ

ಸಂಪಾದಕರೇ,

ನನ್ನ ತಂಗಿಗೆ ಮೂರ್ಛೆರೋಗ. ಲೆವೆಟಿರಾಸೆಟಮ್ ಗುಳಿಗೆ ಶುರುವಾದ ಮೇಲೆ ಫಿಟ್ಸ್ ನಿಂತವು, ಆದರೆ ಸಣ್ಣ ಮಾತಿಗೂ ಸಿಟ್ಟು, ಅಳು, ಊಟ ಬೇಡ, ಯಾರ ಜೊತೆಗೂ ಮಾತು ಬೇಡ. ಮನೆಯಲ್ಲಿ ಸೊಕ್ಕು ಅಂದರು. ಆ ಗುಳಿಗೆಯಿಂದ ಹೀಗಾಗಬಹುದು, ಮೂರ್ಛೆರೋಗ ಇರುವವರಲ್ಲಿ ಖಿನ್ನತೆಯೂ ಜಾಸ್ತಿ ಅಂತ ಯಾರೂ ಮೊದಲೇ ಹೇಳಲಿಲ್ಲ. ತಪಾಸಣೆಗೆ ಹೋದಾಗಲೆಲ್ಲ ‘ಫಿಟ್ಸ್ ಬಂತಾ?’ ಅಷ್ಟೇ. ನಿದ್ದೆ ಹೇಗಿದೆ, ಬದುಕೇ ಸಾಕು ಅನಿಸುತ್ತಾ ಅಂತಲೂ ಕೇಳಬೇಕಲ್ವಾ?

ಕೊನೆಗೆ ಧಾರವಾಡದ ಮನೋರೋಗ, ನರರೋಗಗಳ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಿದೆವು. ಗುಳಿಗೆ ನಿಧಾನಕ್ಕೆ ಬದಲಿಸಿದರು, ಈಗ ಎಷ್ಟೋ ವಾಸಿ. ಇಂಥವರು ಮನೆಯಲ್ಲಿದ್ದರೆ ಗುಳಿಗೆಯನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬಿಡದೆ ಬಂದು ಜೀವಕ್ಕೇ ಅಪಾಯ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಗದಗ, ಹಾವೇರಿ ಕಡೆಯ ಆಸ್ಪತ್ರೆಗಳಲ್ಲಿ ಚೀಟಿ ಬರೆಯುವಾಗಲೇ ಇದನ್ನೆಲ್ಲ ತಿಳಿಸುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ.

– ಓದುಗ, ಗದಗ