ಹಾಯಿಗಿಂತ ಮೊದಲು ಲಂಗರು

ಮಾನ್ಯರೇ,

ಹಾಯಿದೋಣಿಯಲ್ಲೇ ಮನೆ ಮಾಡಿಕೊಂಡು ಗೋವಾದಿಂದ ಕೊಚ್ಚಿಯವರೆಗೆ ಕರಾವಳಿ ಸುತ್ತುವ ಬದುಕಿನ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಅದನ್ನು ಓದಿ ದೋಣಿ ಕೊಳ್ಳಲು ಹೊರಟವರು ಮೊದಲು ಹೊಸ ಹಾಯಿಗೆ ದುಡ್ಡು ಸುರಿದಾರು ಎಂಬ ಅಂಜಿಕೆಯಿಂದ ಈ ಪತ್ರ. ದೋಣಿವಾಸಿಗಳು ಹಾಯಿ ಬಿಚ್ಚಿ ಓಡಾಡುವ ಹೊತ್ತು ಕಡಿಮೆ. ಹೆಚ್ಚಿನ ದಿನಗಳು, ಬಹುಪಾಲು ರಾತ್ರಿಗಳು ಲಂಗರಿನ ಮೇಲೆಯೇ ಕಳೆಯುತ್ತವೆ.

33 ಅಡಿಯ, ಐದಾರು ಟನ್ ತೂಕದ ದೋಣಿಗೆ 15ರಿಂದ 20 ಕಿಲೋ ಲಂಗರು, 8 ಮಿ.ಮೀ. ದಪ್ಪದ ಸರಪಳಿ 50 ಮೀಟರ್ ಇರಲಿ. ಎಷ್ಟು ಸರಪಳಿ ಬಿಡಬೇಕೆಂಬ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಲಂಗರು ಹಾಕಿದ ಹೊತ್ತಿನ ಆಳವನ್ನಷ್ಟೇ ಹಿಡಿಯುತ್ತಾರೆ. ಇಳಿತದಲ್ಲಿ 4 ಮೀಟರ್ ನೀರಿದೆ ಎನ್ನಿ. ಕಾರವಾರದಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರಕ್ಕೆ ಇನ್ನೂ ಸುಮಾರು 2 ಮೀಟರ್ ಏರುತ್ತದೆ. ನೀರಿನ ಮಟ್ಟದಿಂದ ದೋಣಿಯ ಮೂತಿಗೆ 1 ಮೀಟರ್. ಒಟ್ಟು 7, ಅದರ ಐದು ಪಟ್ಟು ಎಂದರೆ 35 ಮೀಟರ್ ಸರಪಳಿ ಹೊರಗಿರಬೇಕು. ಸರಪಳಿಗೆ ಹಗ್ಗ ಸೇರಿಸಿದ್ದರೆ ಏಳು ಪಟ್ಟು. ನಮ್ಮ ನದೀಮುಖಗಳಲ್ಲಿ ಮೆತ್ತನೆಯ ಕೆಸರು ಹೆಚ್ಚು. ಲಂಗರು ತಳ ಮುಟ್ಟಿದ ಕೂಡಲೇ ಎಂಜಿನ್ನನ್ನು ಜೋರಾಗಿ ಹಿಂದಕ್ಕೆ ಓಡಿಸಿದರೆ ಅದು ನೇಗಿಲಿನಂತೆ ಕೆಸರು ಉತ್ತುಕೊಂಡು ಬರುತ್ತದೆ. ಕಾಲು ಗಂಟೆ ತಾನಾಗಿ ಕೂರಲು ಬಿಟ್ಟು, ಆಮೇಲೆ ಮೆಲ್ಲಗೆ ಎಳೆಯಬೇಕು. ದಡದಲ್ಲಿ ಒಂದರ ಹಿಂದೊಂದು ಕಾಣುವ ತೆಂಗಿನಮರ, ಗುಡಿಯ ಶಿಖರದಂಥ ಎರಡು ಗುರುತು ನೋಡಿಟ್ಟುಕೊಳ್ಳಿ. ಅವು ಬೇರೆಯಾಗುತ್ತಾ ಹೋದರೆ ಲಂಗರು ಜಾರುತ್ತಿರಬಹುದು. ಕೊನೆಗೆ ಸರಪಳಿಗೆ 12 ಮಿ.ಮೀ. ನೈಲಾನ್ ಹಗ್ಗ 8 ಮೀಟರ್ ಕಟ್ಟಿ ಎಳೆತವನ್ನೆಲ್ಲ ಅದರ ಮೇಲೆ ಹಾಕಿ. ನೈಲಾನ್ ಹಿಗ್ಗಿ ಅಲೆಯ ಜಗ್ಗಾಟವನ್ನು ನುಂಗುತ್ತದೆ. ಅದಿಲ್ಲದಿದ್ದರೆ ಪ್ರತಿ ಜಗ್ಗೂ ಲಂಗರೆತ್ತುವ ರಾಟೆಯ ಬೋಲ್ಟುಗಳಿಗೆ ಬೀಳುತ್ತದೆ.

ಈ ಬದುಕಿಗೆ ಹಿತವಾದ ಕಾಲ ನವೆಂಬರಿನಿಂದ ಏಪ್ರಿಲ್ ಕೊನೆಯವರೆಗೆ ಮಾತ್ರ. ಆಗಲೂ ಹವಾಮಾನ ಇಲಾಖೆಯ ಮುನ್ಸೂಚನೆ ದಿನವೂ ನೋಡಬೇಕು. ಓಖಿ ಚಂಡಮಾರುತ ಬಂದದ್ದು 2017ರ ನವೆಂಬರ್ ಕೊನೆಗೆ. ಮಳೆಗಾಲಕ್ಕೆ ಇನ್ನೂ ಸಮಯವಿದೆ ಎಂದು ಮೇ ತಿಂಗಳಲ್ಲಿ ಕಾಯುವವರು 2021ರ ತೌಕ್ತೆಯನ್ನು ನೆನೆಯಲಿ. ಬೆಳಗಿನ ಜಾವ ನೆಲದ ಕಡೆಯಿಂದ ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ. ತೆಂಕಣಕ್ಕೆ ಹೋಗುವವರು ನಸುಕಿನಲ್ಲೇ ಹೊರಟು ಎರಡನ್ನೂ ಬಳಸಿಕೊಂಡು ಬೆಳಕಿರುವಾಗಲೇ ಲಂಗರು ಹಾಕಬೇಕು. ರಾತ್ರಿ ದಡದ ಹತ್ತಿರ ಓಡುವುದು ಬೇಡ. ಬಲೆಗಳ ಗುರುತಿಗೆ ಥರ್ಮಾಕೋಲ್ ತುಂಡೋ ಪ್ಲಾಸ್ಟಿಕ್ ಕ್ಯಾನೋ ಇರುತ್ತದೆ, ಹಲವಕ್ಕೆ ದೀಪವಿರುವುದಿಲ್ಲ. ಪ್ರೊಪೆಲ್ಲರಿಗೆ, ಬೋಟಿನವರ ಮಾತಿನಲ್ಲಿ ಫ್ಯಾನಿಗೆ, ಬಲೆ ಸುತ್ತಿಕೊಂಡರೆ ತಕ್ಷಣ ಎಂಜಿನ್ ನಿಲ್ಲಿಸಿ. ಬಿಡಿಸಿಕೊಳ್ಳಲು ಹಿಂದೆ ಮುಂದೆ ಓಡಿಸಿದರೆ ನೈಲಾನ್ ಬಿಸಿಗೆ ಕರಗಿ ಕಲ್ಲಾಗುತ್ತದೆ, ಮತ್ತೆ ಚಾಕುವಿಗೆ ಬಗ್ಗುವುದಿಲ್ಲ, ಹ್ಯಾಕ್ಸಾ ಬ್ಲೇಡೇ ಬೇಕು. ಕತ್ತರಿಸಿದ ಬಲೆಯ ಬೆಲೆ ಮೀನುಗಾರರಿಗೆ ಕೊಡುವುದು ಮರ್ಯಾದೆ.

ಇನ್ನು ಮನೆಯೊಳಗಿನ ಲೆಕ್ಕ. 12 ವೋಲ್ಟಿನ ಫ್ರಿಜ್ಜು ನಮ್ಮ ಸೆಕೆಗೆ ದಿನಕ್ಕೆ ಸುಮಾರು 50 ಆಂಪಿಯರ್-ಅವರ್ (ಬ್ಯಾಟರಿಯ ಕರೆಂಟಿನ ಅಳತೆ) ಕುಡಿಯುತ್ತದೆ. ಫ್ಯಾನು, ದೀಪ, ಉಪಕರಣಗಳಿಗೆ ಇನ್ನೊಂದು 30. ನೂರು ವ್ಯಾಟಿನ ಸೋಲಾರ್ ಫಲಕ ವಾಸ್ತವದಲ್ಲಿ ದಿನಕ್ಕೆ ಕೊಡುವುದು 30 ಆಂಪಿಯರ್-ಅವರ್‌ನ ಆಸುಪಾಸು. ಹಾಗಾಗಿ 300 ವ್ಯಾಟ್ ಬೇಕೇ ಬೇಕು. ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಷ್ಯ ಮುಗಿದಂತೆ, ಆದ್ದರಿಂದ 200 ಆಂಪಿಯರ್-ಅವರ್‌ನದು ಇರಲಿ. ಫಲಕದ ಮೇಲೆ ಹಾಯಿಯ ಅಡ್ಡಮರದ ನೆರಳು ಗೇಣಗಲ ಬಿದ್ದರೂ ಕರೆಂಟು ಪಾತಾಳಕ್ಕಿಳಿಯುತ್ತದೆ. ಅಡ್ಡಮರವನ್ನು ಹಗ್ಗದಿಂದ ಪಕ್ಕಕ್ಕೆಳೆದು ಕಟ್ಟಿ. ನೀರು ಇಬ್ಬರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 10 ಲೀಟರ್. ಪಾತ್ರೆ ಉಪ್ಪುನೀರಲ್ಲಿ ತೊಳೆದು ಕೊನೆಯ ಒಂದು ಲೋಟ ಸಿಹಿನೀರು ಸುರಿದರೆ ಸಾಕು. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರವಿದ್ದವರು ಅದನ್ನು ಬಂದರಿನೊಳಗೆ ಓಡಿಸಬಾರದು, ಕೆಸರು ಮತ್ತು ಡೀಸೆಲ್ ಜಿಡ್ಡಿಗೆ ಅದರ ಪೊರೆ ಹಾಳಾಗುತ್ತದೆ.

ಅಡುಗೆ ಗ್ಯಾಸಿನ ವಿಷಯದಲ್ಲಿ ಉದಾಸೀನ ಸಲ್ಲದು. ಅದು ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲಿನಿಂದ ಹೊರಹೋಗಲೂಬಹುದು, ದೋಣಿಯಲ್ಲಿ ತಳದಲ್ಲಿ ಶೇಖರವಾಗಿ ಎಂಜಿನ್ ಸ್ಟಾರ್ಟರಿನ ಕಿಡಿಗೆ ಕಾಯುತ್ತದೆ. 5 ಕಿಲೋ ಸಿಲಿಂಡರ್ ಸಾಕು. ಅದರ ಗೂಡು ಒಳಗಿನಿಂದ ಪೂರ್ತಿ ಮುಚ್ಚಿದ್ದು, ಅಡಿಯಲ್ಲಿ ನೀರಿನ ಮಟ್ಟದ ಮೇಲೆ ಹೊರಕ್ಕೆ ತೂತಿರಬೇಕು.

ಸ್ಟೇನ್‌ಲೆಸ್ ಎಂದಾಕ್ಷಣ ತುಕ್ಕಿಲ್ಲವೆಂದಲ್ಲ. ಹಾಯಿ ಏರಿಸುವ ಕೂವೆಮರವನ್ನು ಹಿಡಿದ ಉಕ್ಕಿನ ತಂತಿಗಳು ಕೊನೆಯ ಕೊಳವೆಯೊಳಗೆ ಹೊಕ್ಕ ಜಾಗದಲ್ಲಿ ಉಪ್ಪು ನಿಂತು ಒಳಗೊಳಗೇ ಕೊರೆಯುತ್ತದೆ. ತಿಂಗಳಿಗೊಮ್ಮೆ ಹತ್ತಿಬಟ್ಟೆಯಿಂದ ಒರೆಸಿ, ನೂಲು ಸಿಕ್ಕಿಕೊಂಡರೆ ತಂತಿಯ ಎಳೆ ಮುರಿದಿದೆ. ಬರಿಗೈಯಲ್ಲಿ ಸವರಬೇಡಿ. ಶರಾವತಿಯಂಥ ನದಿಯಲ್ಲಿ ವಾರಗಟ್ಟಲೆ ನಿಲ್ಲುವವರಿಗೆ ಇನ್ನೊಂದು ಮಾತು: ಉಪ್ಪುನೀರು ತಿನ್ನದಂತೆ ಪ್ರೊಪೆಲ್ಲರ್ ಕಾಯುವ ಸತುವಿನ ತುಂಡು ಸಿಹಿನೀರಿನಲ್ಲಿ ಬಿಳಿ ಪೊರೆ ಕಟ್ಟಿಕೊಂಡು ಕೆಲಸ ಬಿಟ್ಟುಬಿಡುತ್ತದೆ. ಅಂಥ ಉಪ್ಪು-ಸಿಹಿ ಬೆರೆತ ನೀರಿಗೆ ಅಲ್ಯೂಮಿನಿಯಮ್ಮಿನದು ಸರಿ.

ಕೊನೆಯದಾಗಿ ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ. ಹೊರಗಿನಿಂದ ನೋಡಿದರೆ ಒಡೆಯುವ ಅಲೆಯ ಬೆನ್ನಷ್ಟೇ ಕಾಣುತ್ತದೆ, ನೀರು ಶಾಂತವಾಗಿದೆ ಅನ್ನಿಸುತ್ತದೆ. ಇಳಿತದ ನೀರು ಹೊರನುಗ್ಗುವಾಗ ಎದುರು ಬರುವ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ಉಬ್ಬರದ ಕೊನೆಯ ಎರಡು ಗಂಟೆಯೇ ಒಳಬರಲು ತಕ್ಕ ಹೊತ್ತು. ನಾಡದೋಣಿಯ ಹಿಂದೆ ಹೋಗಬೇಡಿ, ಅದಕ್ಕೆ ಮೊಣಕಾಲುದ್ದ ನೀರು ಸಾಕು, ಹಾಯಿದೋಣಿಗೆ 1.8 ಮೀಟರಾದರೂ ಬೇಕು. ಮೊದಲೇ ಊರಿನ ತಾಂಡೇಲರನ್ನು, ಅಂದರೆ ಬೋಟು ನಡೆಸುವವರನ್ನು ಕೇಳಿ. ಮರಳದಿಬ್ಬ ಪ್ರತಿ ಮಳೆಗಾಲದಲ್ಲಿ ಜಾಗ ಬದಲಿಸುವುದರಿಂದ ಹಳೆಯ ನಕ್ಷೆ ನಂಬಲು ಬರುವುದಿಲ್ಲ.

ಅಳಿವೆಯಲ್ಲಿ ಬೋಟು ಮಗುಚಿದ ಸುದ್ದಿ ನಿಮ್ಮ ಪತ್ರಿಕೆಯಲ್ಲೂ ಬರುತ್ತಿರುತ್ತದೆ. ಬಂದರು ಇಲಾಖೆಯವರು ಮಳೆಗಾಲ ಮುಗಿದ ಮೇಲೆ ಹೊನ್ನಾವರ, ತದಡಿ, ಗಂಗೊಳ್ಳಿ ಅಳಿವೆಗಳ ಆಳ ಅಳೆದು, ದೋಣಿದಾರಿಯ ನಕ್ಷೆಯನ್ನು ಬಂದರಿನ ಫಲಕದಲ್ಲೂ ಪತ್ರಿಕೆಯಲ್ಲೂ ಕನ್ನಡದಲ್ಲಿ ಪ್ರಕಟಿಸಲಿ. ಅಕ್ಟೋಬರ್ ಮುಗಿಯುವುದರೊಳಗೆ ಅದು ಬಂದರೆ ಮೀನುಗಾರರಿಗೂ ಹಾಯಿದೋಣಿಯವರಿಗೂ ಉಪಯೋಗ.

– ಇಬ್ಬರು ಹಾಯಿದೋಣಿಗರು, ಕಾರವಾರ