ಹಳೆಯ ಹೆಸರಿನ ವಿಷಯವಾಗಿ ತಮ್ಮನ ಮಗನಿಗೆ ಒಂದು ಪತ್ರ

ಪ್ರೀತಿಯ ಮಗನೇ,

ಕರ್ತನಾದ ಯೇಸುವಿನ ನಾಮದಲ್ಲಿ ದೊಡ್ಡಪ್ಪನ ಆಶೀರ್ವಾದಗಳು. ನಿನ್ನ ಪತ್ರ ಬಂದು ಹತ್ತು ದಿನಗಳಾದವು. ಉತ್ತರ ತಡವಾದದ್ದು ಮರೆವಿನಿಂದಲ್ಲ. ಬರೆಯಬೇಕಾದ ಮಾತುಗಳಲ್ಲಿ ಒಂದನ್ನು ಬರೆಯಲು ನನಗೆ ಧೈರ್ಯ ಸಾಲಲಿಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಸಭೆಯ ಬೆಳೆಹಬ್ಬದ ದಿನ ಕಾಣಿಕೆಗಳ ಏಲಂ ಮುಗಿದ ಮೇಲೆ ನೀನು ಹಣವನ್ನೂ ಪಟ್ಟಿಯನ್ನೂ ತಂದು ನನ್ನ ಮುಂದಿಟ್ಟು ಹೊರಗೆ ಹೋದೆ. ನಾನು ಆ ಹಣವನ್ನು ಎರಡು ಸಲ ಎಣಿಸಿದೆ. ಬೇರೆ ಯಾರು ತಂದುಕೊಟ್ಟಿದ್ದರೂ ಒಂದೇ ಸಲ ಎಣಿಸಿ ಪೆಟ್ಟಿಗೆಗೆ ಹಾಕುತ್ತಿದ್ದೆ. ಮರೆತ ಕೊಡೆಗಾಗಿ ತಿರುಗಿ ಬಂದ ನೀನು ಬಾಗಿಲಲ್ಲಿ ನಿಂತು ಅದನ್ನು ನೋಡಿದೆ. ಲೆಕ್ಕದಲ್ಲಿ ಒಂದು ರೂಪಾಯಿಯೂ ಹೆಚ್ಚುಕಡಿಮೆಯಿರಲಿಲ್ಲ. ಊರಿನವರು ಇನ್ನೂ ನನ್ನನ್ನು ಕುಡುಕನೆಂದೇ ಕಾಣುತ್ತಾರೆ ಎಂದು ಬರೆದ ನೀನು, ಸ್ವಂತ ದೊಡ್ಡಪ್ಪ ಮಾಡಿದ್ದನ್ನು ಮಾತ್ರ ಎತ್ತಲಿಲ್ಲ. ನನ್ನ ಮಾನವನ್ನು ಕಾಪಾಡಿದೆ. ಮಗನೇ, ನಾನು ನಿನ್ನಲ್ಲಿ ಕ್ಷಮೆ ಕೇಳುತ್ತೇನೆ.

ಕುಡಿತ ಬಿಟ್ಟು ನಾಲ್ಕು ವರ್ಷಗಳಾದವು, ಇನ್ನೆಷ್ಟು ವರ್ಷ ಎಂದು ಕೇಳಿದ್ದೀಯೆ. ಮೊದಲು ಯೇಸುವಿನ ಶಿಷ್ಯರನ್ನು ಹಿಂಸಿಸಿ ಆಮೇಲೆ ಅಪೊಸ್ತಲನಾದ ಪೌಲನ ವರ್ಷಗಳನ್ನು ಒಮ್ಮೆ ಎಣಿಸಿ ನೋಡು. ದಮಸ್ಕದ ದಾರಿಯಲ್ಲಿ ಅವನ ಬಾಳನ್ನು ತಿರುಗಿಸಿದ ಬೆಳಕನ್ನು ಸಂಡೇ ಸ್ಕೂಲಿನ ಮಕ್ಕಳೂ ಬಲ್ಲರು. ಆ ಬೆಳಕಿನ ನಂತರದ ವರ್ಷಗಳನ್ನು ಕುರಿತು ನಾವು ಅಷ್ಟಾಗಿ ಮಾತಾಡುವುದಿಲ್ಲ. ಅವನ ಬಳಿಗೆ ಹೋಗೆಂದು ಕರ್ತನೇ ದರ್ಶನದಲ್ಲಿ ಆಜ್ಞಾಪಿಸಿದರೂ ದಮಸ್ಕದ ಶಿಷ್ಯನಾದ ಅನನೀಯನು, ಈ ಮನುಷ್ಯನು ಯೆರೂಸಲೇಮಿನಲ್ಲಿ ಮಾಡಿದ ಕೇಡನ್ನು ಕೇಳಿದ್ದೇನೆಂದು ಹಿಂಜರಿದನು. ಮೂರು ವರ್ಷಗಳ ಬಳಿಕ ಪೌಲನು ಯೆರೂಸಲೇಮಿಗೆ ಹೋದಾಗಲೂ ಶಿಷ್ಯರು ಅವನನ್ನು ನಂಬದೆ ಹೆದರಿದರು. ಅವರನ್ನು ದೂಷಿಸಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಶಿಷ್ಯರಲ್ಲೊಬ್ಬನಾದ ಸ್ತೆಫನನನ್ನು ಕಲ್ಲೆಸೆದು ಕೊಂದವರ ಬಟ್ಟೆಗಳು ಇದ್ದದ್ದು ಇವನ ಕಾಲ ಬಳಿಯಲ್ಲೇ, ಮತ್ತು ಆ ಸಾವಿಗಾಗಿ ಗೋಳಾಡಿದವರೂ ಅದೇ ಊರಿನವರು. ಶಿಷ್ಯರಲ್ಲಿ ಬಾರ್ನಬನೊಬ್ಬನು ಮುಂದೆ ಬಂದು ಅವನನ್ನು ಅಪೊಸ್ತಲರ ಬಳಿಗೆ ಕರೆದುಕೊಂಡು ಹೋದನು. ಪೇತ್ರನ ಸಂಗಡ ಅವನಿದ್ದದ್ದು 15 ದಿನ. ಆಮೇಲೆ ತನ್ನ ಹುಟ್ಟೂರಾದ ತಾರ್ಸ, ಮತ್ತು ಬಾರ್ನಬನೇ ಪುನಃ ಹುಡುಕಿಕೊಂಡು ಹೋಗಿ ಅಂತಿಯೋಕ್ಯಕ್ಕೆ ಕರೆತರುವ ತನಕ ದೀರ್ಘಕಾಲದ ಮೌನ. ಗಲಾತ್ಯದವರಿಗೆ ಬರೆಯುವಾಗ ಅವನು 14 ವರ್ಷಗಳ ಲೆಕ್ಕ ಕೊಡುತ್ತಾನೆ. ಆ ವರ್ಷಗಳಲ್ಲಿ ತನ್ನನ್ನು ನಂಬಿರೆಂದು ಅವನು ಯಾರ ಬೆನ್ನು ಹತ್ತಿದನೆಂದೂ ಬರೆದಿಲ್ಲ.

ಆದರೆ ಈಚೆಗೆ ನನ್ನನ್ನು ಕಾಡುತ್ತಿರುವುದು ಅದೇ ಪೌಲನ ಇನ್ನೊಂದು ಸಂಗತಿ. ಪಂಫುಲ್ಯದಲ್ಲಿ ಸುವಾರ್ತೆಯ ಕೆಲಸ ಬಿಟ್ಟು ಹಿಂದಿರುಗಿದ ಸಂಗಡಿಗ ಮಾರ್ಕನನ್ನು ಮತ್ತೆ ಜೊತೆಗೆ ಕರೆದೊಯ್ಯೋಣವೆಂದು ಬಾರ್ನಬನು ಹೇಳಿದಾಗ ಪೌಲನು ಒಪ್ಪಲೇ ಇಲ್ಲ. ಇಬ್ಬರೂ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ಯಾರ ಮಾತಿನ ಬಲದಿಂದ ತನಗೆ ಸಭೆಯ ಬಾಗಿಲು ತೆರೆಯಿತೋ ಅವನೇ ಇನ್ನೊಬ್ಬನಿಗಾಗಿ ಬೇಡಿಕೊಂಡಾಗ ಪೌಲನು ಬಾಗಿಲು ಹಾಕಿದನು. ಬಹುಕಾಲದ ಮೇಲೆ, ಸೆರೆಯಿಂದ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನ್ನ ಸೇವೆಗೆ ಉಪಯುಕ್ತನು ಎಂದು ಹೇಳುತ್ತಾನೆ. ಮಾರ್ಕನು ಬದಲಾಗಿದ್ದನು, ನಿಜ. ಅವನನ್ನು ನೋಡುವ ಕಣ್ಣೂ ಬದಲಾಗಬೇಕಾಗಿತ್ತು. ಹಣ ಎಣಿಸಿದ ರಾತ್ರಿ ನಾನು ಓದುತ್ತಿದ್ದದ್ದು ಈ ಭಾಗವನ್ನೇ.

ಇನ್ನು ನಿನ್ನ ಪಾಲಿನ ಮಾತು. ಯುವಜನ ಸಂಘದ ಹಣವನ್ನು ತೀರಿಸಿದೆ, ಸಂತೋಷ. ಪೇಟೆಯ ದಿನಸಿ ಅಂಗಡಿಯ ಸಾಲ ಹಾಗೇ ಉಳಿದಿದೆ. ಅಂಗಡಿಯವರು ತೀರಿಕೊಂಡರು, ಮನೆಯವರು ಕೇಳುತ್ತಿಲ್ಲ. ಆದರೂ ನೀನು ಹೋಗಬೇಕು. ಸುಂಕದವನಾದ ಜಕ್ಕಾಯನು ಯೇಸುವಿನ ಮುಂದೆ ನಿಂತು, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದದ್ದು ಯಾರೋ ಕೇಳಿದರೆಂದಲ್ಲ.

ನಾನು ಪೂರ್ತಿ ಹೊಸ ಮನುಷ್ಯನಾಗಿದ್ದೇನೆ ಎಂಬ ನಿನ್ನ ವಾಕ್ಯದ ಬಳಿ ನಾನು ಸ್ವಲ್ಪ ಹೊತ್ತು ನಿಂತೆ. ಕ್ರಿಸ್ತನಲ್ಲಿರುವವನು ನೂತನ ಸೃಷ್ಟಿಯೆಂಬುದು ನನ್ನ ನಂಬಿಕೆಯೂ ಹೌದು. ಆದರೂ ಇಂಗ್ಲೆಂಡಿನ ಜಾನ್ ನ್ಯೂಟನ್ನನನ್ನು ನೆನೆಸಿಕೊ. 1748ರಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ದೇವರಿಗೆ ಮೊರೆಯಿಟ್ಟು ಬದಲಾದ ಆ ಮನುಷ್ಯನು ಆಮೇಲೆಯೂ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿದ್ದನು. 1754ರಲ್ಲಿ ಕಡಲು ಬಿಟ್ಟದ್ದೂ ಅನಾರೋಗ್ಯದಿಂದ. ಆ ವ್ಯಾಪಾರದ ಕ್ರೌರ್ಯವನ್ನು ತನ್ನ ಪಾಪವೆಂದು ಒಪ್ಪಿ ಬಹಿರಂಗವಾಗಿ ಬರೆದದ್ದು 1788ರಲ್ಲಿ, ಸಭಾಪಾಲಕನಾಗಿ ಎಷ್ಟೋ ವರ್ಷಗಳಾದ ಮೇಲೆ. ಕೃಪೆ ಅವನಲ್ಲಿ ನಲವತ್ತು ವರ್ಷ ಕೆಲಸ ಮಾಡಿತು. ನಿನ್ನಲ್ಲಿಯೂ ಅದು ಮುಟ್ಟದ ಮೂಲೆಗಳಿರಬಹುದು. ಮದುವೆಮನೆಯಲ್ಲಿ ಹಳೆಯ ಗೆಳೆಯನೊಬ್ಬ ಹಾಸ್ಯ ಮಾಡಿದಾಗ ನೀನು ಊಟ ಬಿಟ್ಟು ಎದ್ದುಹೋದ ಆ ಕೋಪವನ್ನು ನೋಡಿ ನನಗೆ ಹಾಗನ್ನಿಸಿತು. ಪೌಲನಂತೆ ನಿನ್ನ ಹಿಂದಿನದನ್ನು ನೀನೇ ಬಾಯಿಬಿಟ್ಟು ಹೇಳಿಕೊಂಡರೆ ಇನ್ನೊಬ್ಬರು ಎತ್ತಿ ಆಡುವ ಮಾತಿಗೆ ಮೊನೆ ಉಳಿಯುವುದಿಲ್ಲ.

ಬೆಂಗಳೂರಿಗೆ ಹೋಗಿಬಿಡುತ್ತೇನೆ ಎಂದಿದ್ದೀಯೆ. ಒಳ್ಳೆಯ ಕೆಲಸ ಸಿಕ್ಕಿ ಹೋಗುವುದಾದರೆ ನಾನೇ ಬಸ್ಸು ಹತ್ತಿಸುತ್ತೇನೆ. ನಮ್ಮ ಮುಖ ನೋಡಲಾರದೆ ಹೋಗುವುದಾದರೆ ದಯವಿಟ್ಟು ಸ್ವಲ್ಪ ತಡೆ.

ಕ್ರಿಸ್ಮಸ್ ಕ್ಯಾರೋಲಿನ ಕಾಣಿಕೆಯ ಲೆಕ್ಕವನ್ನು ನಿನಗೆ ಒಪ್ಪಿಸಬೇಕೆಂದು ಕಳೆದ ಭಾನುವಾರ ಸಭೆಯ ಕಮಿಟಿಯಲ್ಲಿ ಹೇಳಿದೆ. ಬೆಳೆಹಬ್ಬದ ದಿನ ನಾನು ಮಾಡಿದ್ದನ್ನೂ ಎಲ್ಲರ ಮುಂದೆ ಹೇಳಿದೆ. ಇಬ್ಬರು ಹಿರಿಯರು ಒಪ್ಪಲಿಲ್ಲ. ಶನಿವಾರ ಸಂಜೆಯ ಬಸ್ಸಿಗೆ ಬಾ. ಆ ಇಬ್ಬರ ಮನೆಗೂ ನಿನ್ನನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ಆ ಅಂಗಡಿಯವರ ಮನೆಯೂ ಸಿಗುತ್ತದೆ.

ಇಂತು ನಿನ್ನ ಹಿತವನ್ನು ಬಯಸುವ,
ದೊಡ್ಡಪ್ಪ